ತಿಳಿಬಣ್ಣದ ಸೀರೆ

ಸ್ವಪ್ನಾಳ ಮದುವೆಯ ಕರೆಯೋಲೆ ಮೊಬೈಲಿಗೇ ಬಂತು. ಗಣೇಶಗುಡಿಯ ಹತ್ತಿರ, ಕಾಳಿ ನದಿಯ ದಂಡೆಯ ಹೋಮ್‌ಸ್ಟೇ ಒಂದರಲ್ಲಿ ಮದುವೆ. ಕೊನೆಯಲ್ಲಿ ಹೀಗಿತ್ತು: ‘ಬಿಸಿಲು ಜೋರಿದೆ. ರೇಷ್ಮೆ, ಜರಿ ಬೇಡ. ತಿಳಿಬಣ್ಣದ ಹತ್ತಿ ಬಟ್ಟೆ ಉಟ್ಟು ಹಾಯಾಗಿ ಬನ್ನಿ.’

ನಿರ್ಮಲಾ ಅದನ್ನು ಎರಡೆರಡು ಸಲ ಓದಿದಳು. ಸ್ವಪ್ನಾ ಪಾಠ ಹೇಳುವ ಶಾಲೆಯಲ್ಲೇ ಇವಳು ಗುಮಾಸ್ತೆ. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ದಾಂಡೇಲಿಯ ಅಂಬೇವಾಡಿಯಲ್ಲಿ ಬಾಡಿಗೆ ಮನೆ. ಮಗಳ ಮದುವೆಗೆಂದು ತಾಯಿ ಕೂಡಿಸಿಟ್ಟಿದ್ದ ರೇಷ್ಮೆ ಸೀರೆಗಳನ್ನು ಬೇರೆಯವರ ಮದುವೆಗಳಿಗೆ ಉಟ್ಟುಟ್ಟೇ ಅಂಚು ಸವೆದಿತ್ತು. ಈಗ ಅವೂ ಬೇಡವೆಂದರೆ ಏನು ಉಡುವುದು? ಹಳಿಯಾಳದಲ್ಲಿದ್ದ ಅತ್ತಿಗೆಗೆ ಫೋನ್ ಮಾಡಿದಳು.

“ಏನರ ಉಟಗೊಂಡು ಹೋಗ್ರಿ. ನಿಮ್ಮನ್ನ ಯಾರು ನೋಡ್ತಾರ?” ಎಂದಳು ಅತ್ತಿಗೆ. ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ.

ಅಂಗಡಿಗೆ ಹೋಗಿ ಕೆನೆಬಣ್ಣದ, ಸಣ್ಣ ನೀಲಿ ಅಂಚಿನ ಹತ್ತಿ ಸೀರೆ ತಂದಳು. ಮದುವೆಯ ದಿನ ಬಳೆ ಹಾಕದೆ ಗಡಿಯಾರವನ್ನಷ್ಟೇ ಕಟ್ಟಿಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡಾಗ ತಾನು ಚೆನ್ನಾಗಿ ಕಾಣುತ್ತೇನೆ ಎನ್ನಿಸಿತು. ಬಸ್ಸಿನ ಸೆಕೆಗೆ ದಾರಿಯುದ್ದಕ್ಕೂ ಮುಖ ಒರೆಸಿಕೊಳ್ಳುತ್ತಿದ್ದಳು. ಹಣೆಗಿಟ್ಟ ಟಿಕಳಿ ಬೊಟ್ಟು ಕರವಸ್ತ್ರಕ್ಕೆ ಅಂಟಿಹೋದದ್ದು ತಿಳಿಯಲೇ ಇಲ್ಲ.

ನದಿಯ ಪಕ್ಕ ಮರಗಳ ನೆರಳಲ್ಲಿ ಕುರ್ಚಿಗಳಿದ್ದವು. ಹಸಿರು, ಹಳದಿ, ಗುಲಾಬಿ ಎಲ್ಲ ತಿಳಿಯಾದ ಬಣ್ಣಗಳು. ಅಕ್ಷತೆ ಬಿದ್ದ ಮೇಲೆ ಒಬ್ಬಾಕೆ ಸಾಲಿನುದ್ದಕ್ಕೂ ಅರಿಷಿಣ ಕುಂಕುಮ ಕೊಡುತ್ತಾ ಬಂದಳು. ನಿರ್ಮಲಾಳ ಹಣೆ ನೋಡಿದಳು, ಕೈ ನೋಡಿದಳು, ಸೀರೆ ನೋಡಿದಳು. ಮುಂದೆ ಹೋದಳು.

ನಿರ್ಮಲಾ ಹಣೆ ಮುಟ್ಟಿಕೊಂಡಳು. ಅರ್ಥವಾಯಿತು. ಕರೆದು ಹೇಳಬೇಕೆನ್ನುವಷ್ಟರಲ್ಲಿ ಕೊನೆಯ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸು ಕೈಬೀಸಿ ಕರೆದಳು. ಮದುಮಗನ ಸೋದರತ್ತೆ ಗೋದುಬಾಯಿ.

“ಇಲ್ಲಿ ಬಾರವ್ವಾ. ನಾನೂ ನಿನ್ನಂಗ. ಎಷ್ಟು ವರ್ಷ ಆತು?”

ಪಕ್ಕದಲ್ಲಿ ಕುಳಿತ ನಿರ್ಮಲಾಳ ಬಾಯಿಂದ ಬಂದದ್ದೇ ಬೇರೆ. “ಭಾಳ ವರ್ಷ ಆತ್ರಿ.”

“ನಿನ್ನ ಗಂಡಗ ಏನ ಕೆಲಸ ಇತ್ತು?”

“ರೇಲ್ವೆದಾಗ. ಕ್ಯಾಸಲ್‌ರಾಕ್‌ನಾಗ ಇದ್ರು.”

ಗೋದುಬಾಯಿ ಅವಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಅವರ ಸ್ವಭಾವ ಹೇಗಿತ್ತು ಎಂದು ಕೇಳಿದಳು. ಮಾತು ಕಡಿಮೆ, ಚಹಾಕ್ಕೆ ಸಕ್ಕರೆ ಹೆಚ್ಚು ಬೇಕು, ನಗುವಾಗ ತಲೆ ತಗ್ಗಿಸುತ್ತಿದ್ದರು ಎಂದು ನಿರ್ಮಲಾ ಹೇಳುತ್ತಲೇ ಹೋದಳು. ಹಿಂದೆಂದೂ ಯಾರೂ ಇಷ್ಟು ಹೊತ್ತು ಅವಳ ಮಾತು ಕೇಳಿರಲಿಲ್ಲ.

ಅಷ್ಟರಲ್ಲಿ ಸ್ವಪ್ನಾಳೇ ಕುಂಕುಮದ ಬಟ್ಟಲು ಹಿಡಿದು ಬಂದಳು. “ನಿರ್ಮಲಕ್ಕಾ, ನಿಮಗ ಬಿಟ್ಟಾರ ನೋಡ್ರಿ. ನಿಮ್ಮ ಲಗ್ನನ ಆಗಿಲ್ಲ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?” ನಕ್ಕು ಹಣೆಗೆ ಹಚ್ಚಿ, ಯಾರೋ ಕರೆದರೆಂದು ಓಡಿದಳು.

ಗೋದುಬಾಯಿ ಕೈ ಬಿಟ್ಟಳು.

“ಸುಳ್ಳ ಯಾಕ ಹೇಳಿದಿ?”

“ನೀವು ಕೇಳಿದ್ರಿ,” ಎಂದಳು ನಿರ್ಮಲಾ. “ನನ್ನ ಯಾರೂ ಏನೂ ಕೇಳಂಗಿಲ್ರಿ.”

“ಆ ಮನಷಾ ಖರೇನ ಇದ್ದನೇನು?”

“ಇದ್ದನ್ರಿ. ನನ್ನ ನೋಡಾಕ ಬಂದಿದ್ದ. ಚಹಾ ಕುಡದು ಹೋದ. ಮತ್ತ ಬರಲಿಲ್ಲ.”

ಗೋದುಬಾಯಿ ಬೈಯಲಿಲ್ಲ. ಊಟಕ್ಕೆ ಕರೆದಾಗ ಮೊಣಕಾಲು ಹಿಡಿದು ಎದ್ದು, “ನಡಿ, ಉಣ್ಣೂಣು,” ಎಂದಳು. ಇಬ್ಬರೂ ಅಕ್ಕಪಕ್ಕದಲ್ಲೇ ಕುಳಿತು ಉಂಡರು. ತನಗೆ ಬೇಡವೆಂದು ತನ್ನ ಎಲೆಯ ಹೋಳಿಗೆಯನ್ನು ಗೋದುಬಾಯಿ ಇವಳ ಎಲೆಗೆ ಹಾಕಿದಳು. ಕಾರು ಬಂತೆಂದು ಮೊಮ್ಮಕ್ಕಳು ಅವಳನ್ನು ಕರೆದೊಯ್ದರು.

ನಿರ್ಮಲಾ ರಸ್ತೆಗೆ ಬಂದು ದಾಂಡೇಲಿ ಬಸ್ಸಿಗೆ ಕಾದಳು. ಮಂಟಪದಿಂದ ಹಾಡು ಕೇಳುತ್ತಿತ್ತು. ಬಸ್ಸು ಬಂದಾಗ ಅರ್ಧ ಖಾಲಿಯಿತ್ತು. ಕಿಟಕಿಯ ಪಕ್ಕ ಕುಳಿತು, ಊರು ಬರುವ ತನಕ ಕಾಡು ನೋಡುತ್ತಿದ್ದಳು.