ಕತ್ತರಿಸಿಟ್ಟ ಬನ್ನಿ

ಗಂಟು ಬಿಚ್ಚಬಾರದೆಂದೇ ಕಸ್ತೂರೆಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿದ್ದಳು. ಗಲ್ಲಾದ ತಳ ಒರೆಸಿ ಮತ್ತೆ ಅಲ್ಲೇ ಇಟ್ಟರಾಯಿತು ಎಂದುಕೊಂಡಿದ್ದಳು. ಆದರೆ ಹಳೆಯ ಕರವಸ್ತ್ರ ಎಷ್ಟು ದಿನ ತಾನೇ ತಾಳೀತು? ಮೂಲೆ ಹರಿದು ಒಳಗಿದ್ದದ್ದೆಲ್ಲ ಗಾದಿಯ ಮೇಲೆ ಚೆಲ್ಲಿತು. ಒಣಗಿದ ಬನ್ನಿ ಎಲೆ, ಬಣ್ಣದ ರಟ್ಟಿನ ತುಂಡುಗಳು, ಕೆಂಪು ನೂಲು.

"ಎಲ್ಲಾ ತೊಳಿ. ಗಲ್ಲಾದಾಗಿನ ಬನ್ನಿ ಗಂಟು ಮಾತ್ರ ಬಿಚ್ಚಬ್ಯಾಡ. ಬಂಗಾರ ಅದು," ಎಂದು ಗಂಡ ಬೆಳಿಗ್ಗೆ ಹೇಳಿಯೇ ಕಳಿಸಿದ್ದ. ಸಿಂಧನೂರಿನ ಬಜಾರದ ಈ ಬಟ್ಟೆ ಅಂಗಡಿಯನ್ನು ದಸರೆಗೆ ಮುಂಚೆ ತೊಳೆಯುವುದು ಮೂವತ್ತು ವರ್ಷಗಳಿಂದ ಆತನದೇ ಕೆಲಸ. ಬೇರೆಯವರು ಮಾಡಿದ ಕೆಲಸ ಆತನ ಕಣ್ಣಿಗೆ ಎಂದೂ ಹಿಡಿಸಿದ್ದಿಲ್ಲ. ಈ ವರ್ಷ ಆ ಕಣ್ಣೇ ಕೈಕೊಟ್ಟಿತ್ತು. ಪೊರೆ ತೆಗೆಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿದ್ದ. ಧೂಳು ಕೂಡದು, ನೀರು ಕೂಡದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಕಸ್ತೂರೆಮ್ಮ ಸೆರಗು ಸಿಕ್ಕಿಸಿ ಬಂದಿದ್ದಳು. ಆಯುಧ ಪೂಜೆಗೆ ಇನ್ನು ಮೂರು ದಿನ. ಗಜಕಡ್ಡಿ, ದೊಡ್ಡ ಕತ್ತರಿ, ಹಲ್ಲಿನ ಕತ್ತರಿ ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟಾಗಿತ್ತು. ಗಿರಾಕಿಗೆ ತೋರಿಸಲು ಬಟ್ಟೆಯ ಮಾದರಿ ತುಂಡು ಕತ್ತರಿಸುತ್ತಾರಲ್ಲ, ಅಂಚಿನ ಎಳೆ ಬಿಡದ ಹಾಗೆ, ಅದಕ್ಕೆ ಈ ಹಲ್ಲಿನ ಕತ್ತರಿ. ಅದನ್ನು ಗಂಡ ಯಾರ ಕೈಗೂ ಕೊಡುತ್ತಿರಲಿಲ್ಲ.

ಚೆಲ್ಲಿದ್ದನ್ನು ಬಾಚಿ ತುಂಬಲು ಹೋದವಳ ಕೈ ನಿಂತಿತು. ಎಲೆಗಳು ರಟ್ಟಿಗೆ ಅಂಟಿಸಿದವಲ್ಲ, ಹೊಲಿದವು. ಎರಡು ಎಲೆ ಒಂದರ ಮೇಲೊಂದು ಅಡ್ಡ ಇಟ್ಟು, ನಡುವೆ ಕೆಂಪು ನೂಲಿನ ಮೂರು ಹೊಲಿಗೆ, ತುದಿಯಲ್ಲಿ ಗೇಣುದ್ದ ನೂಲು ಹಾಗೇ ಬಿಟ್ಟದ್ದು. ಲೋಕದಲ್ಲಿ ಬನ್ನಿಯನ್ನು ಹೀಗೆ ಹೊಲಿಯುವವರು ಇಬ್ಬರೇ ಇದ್ದರು. ಒಬ್ಬಳು ಕಸ್ತೂರೆಮ್ಮ. ಇನ್ನೊಬ್ಬಳು ಅವಳ ತಂಗಿ.

ಸಂತೆಕಲ್ಲೂರಿನ ತವರಲ್ಲಿ ಅವ್ವ ಕಲಿಸಿದ ಕೆಲಸ ಅದು. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಅವ್ವ ವರ್ಷವಿಡೀ ಎತ್ತಿಡುತ್ತಿದ್ದಳು. ದಸರೆ ಬಂತೆಂದರೆ ಗಣಪತಿಯ ಚಿತ್ರವಿದ್ದ ಭಾಗವನ್ನು ಕತ್ತರಿಸಿ, ಮೇಲೆ ಬನ್ನಿ ಹೊಲಿದು, ಬೆನ್ನಿಗೆ ನಾಲ್ಕು ಸಾಲು ಬರೆದು, ದೂರದ ಬೀಗರಿಗೆಲ್ಲ ಲಕೋಟೆಯಲ್ಲಿ ಹಾಕಿ ಕಳಿಸುವುದು. ಅಂಟು ಹಚ್ಚಿದರೆ ಎಲೆ ಕಪ್ಪಾಗುತ್ತದೆಂದು ಹೊಲಿಗೆ. "ನೂಲು ಉದ್ದ ಬಿಡ್ರೆ. ನೂಲು ಗಿಡ್ಡಾದ್ರ ನಂಟೂ ಗಿಡ್ಡ ಆಗತೈತಿ," ಎನ್ನುತ್ತಿದ್ದಳು ಅವ್ವ. ದೊಡ್ಡವಳಿಗೆ ಅಜ್ಜಿಯ ಹೆಸರು ಬಂದಿತ್ತು. ಸಣ್ಣವಳಿಗೆ ಅಪ್ಪ ತನ್ನ ರೇಡಿಯೊ ಹುಚ್ಚಿನಲ್ಲಿ ಶಿವರಂಜನಿ ಎಂದು ರಾಗದ ಹೆಸರಿಟ್ಟಿದ್ದ. ಊರವರ ಬಾಯಲ್ಲಿ ರಾಗ ಎಷ್ಟು ಹೊತ್ತು ನಿಂತೀತು? ರಂಜು ಆದಳು.

ಆ ರಂಜು ಲಿಂಗಸುಗೂರಲ್ಲಿದ್ದಳು. ಒಂಬತ್ತು ವರ್ಷಗಳಿಂದ ಅಕ್ಕ ತಂಗಿಯರ ನಡುವೆ ಮಾತಿಲ್ಲ. ಜಗಳ ಹೊಲಕ್ಕಲ್ಲ, ಅವ್ವನ ಬಂಗಾರಕ್ಕೂ ಅಲ್ಲ; ಒಂದು ಕಾರ್ಡಿಗೆ. ರಂಜು ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಕಾರ್ಡು ಹಾಕಿಸಿದಳು. ತಮ್ಮ ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಹದಿನೇಳು ಹೆಸರಿದ್ದವು, ಮನೆಯ ಹಿರಿಯ ಅಳಿಯನ ಹೆಸರಿರಲಿಲ್ಲ. ಪ್ರೆಸ್ಸಿನವನು ಬಿಟ್ಟನೋ, ಬರೆದುಕೊಟ್ಟವರು ಬಿಟ್ಟರೋ, ಯಾರಿಗೆ ಗೊತ್ತು! ಕಸ್ತೂರೆಮ್ಮನ ಗಂಡ ಎರಡು ದಿನ ಊಟ ಬಿಟ್ಟ. ಕಸ್ತೂರೆಮ್ಮ ಗೃಹಪ್ರವೇಶಕ್ಕೆ ಹೋಗಲಿಲ್ಲ.

"ಒಂದು ಹೆಸರಿನ ಸಲುವಾಗಿ ನನ್ನ ಮನಿಗೆ ಬರಲಿಲ್ಲೇನು ಅಕ್ಕ?" ಎಂದು ರಂಜು ಫೋನಿನಲ್ಲಿ ಅತ್ತಿದ್ದಳು.

"ಒಂದು ಹೆಸರಲ್ಲ ಅದು. ಆ ಹೆಸರು ನಾ ಬಾಯಾಗ ಹಿಡಿಯಂಗಿಲ್ಲ. ಅಷ್ಟು ದೊಡ್ಡದು ನನಗ. ನೀ ಕಾಗದದಾಗೂ ಹಿಡಿಲಿಲ್ಲ," ಎಂದು ಕಸ್ತೂರೆಮ್ಮ ಫೋನು ಇಟ್ಟಿದ್ದಳು.

ಮಾತು ಉತ್ಪ್ರೇಕ್ಷೆಯೇನಲ್ಲ. ಗಂಡನ ಹೆಸರನ್ನು ಆಕೆ ಹೇಳುತ್ತಲೇ ಇರಲಿಲ್ಲ. ಮದುವೆಯಲ್ಲಿ ಹೆಂಗಸರೆಲ್ಲ ಗಂಟುಬಿದ್ದಾಗ ಒಡಪಿನ ಪ್ರಾಸದೊಳಗೆ ಮುಚ್ಚಿ ಒಂದು ಸಲ ಹೇಳಿದ್ದೇ ಕೊನೆ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಪಾಸ್‌ಬುಕ್ಕನ್ನೇ ಮುಂದೆ ತಳ್ಳುತ್ತಿದ್ದಳು.

ಬನ್ನಿ ಕೊಟ್ಟರೆ ಜಗಳ ಮುಗಿಯಬೇಕು, ಅದು ರೂಢಿ. ಸಣ್ಣವರು ದೊಡ್ಡವರಿಗೆ ಮೊದಲು ಕೊಡಬೇಕು, ಅದೂ ರೂಢಿ. ಹಾಗಾಗಿ ಪ್ರತಿ ದಸರೆಗೆ ಕಸ್ತೂರೆಮ್ಮ ತಂಗಿಯ ಲಕೋಟೆಗಾಗಿ ಕಾಯುತ್ತಿದ್ದಳು. ಬರಲಿಲ್ಲ. ಫೋನಿನಲ್ಲಿ ಬನ್ನಿಯ ಚಿತ್ರಗಳು ನೂರಾರು ಬರುತ್ತಿದ್ದವು, ಯಾರ್ಯಾರೋ ಕಳಿಸಿದವು. ಚಿತ್ರದ ಬನ್ನಿಯನ್ನು ಕೈಯಲ್ಲಿ ಹಿಡಿಯಲಿಕ್ಕಾಗುತ್ತದೆಯೇ? ಅವ್ವ ತೀರಿಕೊಂಡಾಗ ಇಬ್ಬರೂ ಹೆಣದ ಎರಡು ಬದಿಗೆ ಕೂತರು. ರಂಜು ನೋಡಿದಳು. ಮೂರು ದಸರೆ ಕಳೆದರೂ ಒಂದು ಎಲೆ ಕಳಿಸದವಳು ಈಗೇನು ನೋಡುತ್ತಾಳೆ ಎಂದು ಕಸ್ತೂರೆಮ್ಮ ಮುಖ ತಿರುಗಿಸಿದಳು. ತನ್ನ ಮಗಳ ಮದುವೆಗೂ ತಂಗಿಯನ್ನು ಕರೆಯಲಿಲ್ಲ.

ಈಗ ಗಾದಿಯ ಮೇಲೆ ಎಂಟು ತುಂಡು ಬಿದ್ದಿದ್ದವು. ಅಂಚೆಲ್ಲ ಸಣ್ಣ ಸಣ್ಣ ಹಲ್ಲು. ಕಸ್ತೂರೆಮ್ಮ ಪಕ್ಕದಲ್ಲಿದ್ದ ಹಲ್ಲಿನ ಕತ್ತರಿಯನ್ನು ನೋಡಿದಳು. ತಾನೇ ಈಗ ಹುಣಸೆಹಣ್ಣು ಹಚ್ಚಿ ಥಳಥಳ ಮಾಡಿಟ್ಟ ಕತ್ತರಿ. ಒಂದು ತುಂಡನ್ನು ಅದರ ಬಾಯಿಗೆ ಹಿಡಿದಳು. ಹಲ್ಲಿಗೆ ಹಲ್ಲು ಕೂತಿತು.

ತುಂಡುಗಳನ್ನು ತಿರುಗಿಸಿದಳು. ಬೆನ್ನಿಗೆ ರಂಜುವಿನ ದುಂಡನೆಯ ಅಕ್ಷರ. ಎಲೆಯ ಸುತ್ತ ಅಳತೆ ಹಿಡಿದು ಕತ್ತರಿಸಿದ್ದರಿಂದ ಮಾತುಗಳು ಅರ್ಧರ್ಧ ಉಳಿದಿದ್ದವು. "ಅಕ್ಕ, ಈ ವರ್ಷ ಗಿಡ ಬಾಳ ಚಿಗು..." ಎಂದಿತ್ತು ಒಂದರಲ್ಲಿ. "...ವ್ವನ ಮುಂದ ಮಾರಿ ತಿರುವಿದಿ, ಆದ್ರೂ ಕಳಸಾಕ..." ಇನ್ನೊಂದರಲ್ಲಿ. "...ಮಗಳ ಮದುವಿ ಮಂದಿ ಬಾಯಿಲೆ ಕೇ..." ಮತ್ತೊಂದರಲ್ಲಿ. ಎಲ್ಲಕ್ಕಿಂತ ಹಳೆಯದಾಗಿ ಕಂಡ ತುಂಡಿನಲ್ಲಿ ಮೂರೇ ಶಬ್ದ ಪೂರ್ತಿ ಇದ್ದವು: "ತಪ್ಪು ನಂದ ಅಕ್ಕ."

ಮೊದಲ ವರ್ಷವೇ. ಮೊದಲ ವರ್ಷವೇ ಬರೆದಿದ್ದಾಳೆ ಹುಡುಗಿ.

"ಸಾವಕಾರ್ರು ಹೆಂಗದಾರ್ರೀ ಅಕ್ಕಾರ?" ಅಂಗಡಿಯ ಮೆಟ್ಟಿಲಲ್ಲಿ ಪೋಸ್ಟಿನ ಅಮೀನ್‌ಸಾಬ್ ಸೈಕಲ್ ನಿಲ್ಲಿಸಿದ್ದ. ಮನೆಯ ಪೋಸ್ಟೆಲ್ಲ ಅಂಗಡಿಗೇ ಬರುವುದು, ಮೊದಲಿನಿಂದಲೂ ಹಾಗೇ. ಆತ ಯಾವುದೋ ಮಿಲ್ಲಿನ ಬಿಲ್ಲು ಕೊಟ್ಟ.

"ಇಷ್ಟ ಏನ್ರೀ?" ಕಸ್ತೂರೆಮ್ಮನ ದನಿ ತನ್ನದಲ್ಲ ಎನ್ನುವಂತಿತ್ತು. "ಲಿಂಗಸುಗೂರಿಂದ ಏನೂ ಬಂದಿಲ್ಲೇನ್ರೀ?"

"ನಾನೂ ಅದನ್ನ ನೋಡಾಕತ್ತೀನ್ರೀ. ಪ್ರತಿ ದಸರಿಗೆ ತಪ್ಪಂಗಿಲ್ಲ ಆ ಲಕೋಟಿ. ಒಳಗ ಎಲಿ ಸಪ್ಪಳ ಮಾಡ್ತಾವ. ಸಾವಕಾರ್ರ ಕೈಯಾಗ ಕೊಟ್ರ ಚಾ ಕುಡಿಸಿ ಕಳಸ್ತಾರ. ಈ ವರ್ಷ ಇನ್ನಾ ಇಲ್ಲ."

"ಬರಬಹುದೇನ್ರೀ?"

"ಇಷ್ಟೊತ್ತಿಗೆ ಬಂದಿರ್ತಿತ್ರೀ ಅಕ್ಕಾರ. ಎಂಟು ದಿನ ಮೊದ್ಲ ಬರ್ತಿತ್ತು," ಎಂದು ಆತ ಸೈಕಲ್ ಹತ್ತಿದ.

ಎಂಟು ವರ್ಷ ಕಳಿಸಿ ಒಂಬತ್ತನೆಯ ವರ್ಷ ರಂಜು ಕೈಬಿಟ್ಟಿದ್ದಳು. ತನಗೆ ಗೊತ್ತಾದ ವರ್ಷವೇ ಕೈಬಿಟ್ಟಿದ್ದಳು. ಕಸ್ತೂರೆಮ್ಮ ಗಾದಿಯ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಬಜಾರಕ್ಕೆ ಬೆನ್ನು ಮಾಡಿ ಅತ್ತಳು. ಆಮೇಲೆ ತುಂಡುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡಳು. ಕತ್ತರಿಯನ್ನು ಮತ್ತೆ ತೊಳೆಯಲಿಲ್ಲ.

ಮನೆಗೆ ಬಂದಾಗ ಗಂಡ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ. ಚಪ್ಪಲಿಯ ಸಪ್ಪಳದಲ್ಲೇ ಗುರುತು ಹಿಡಿದು, "ಆಯ್ತೇನು ತೊಳದು? ಗಜಕಡ್ಡಿಗೆ ಎಣ್ಣಿ ಹಚ್ಚಿದ್ಯಾ?" ಎಂದ.

"ಹಚ್ಚೀನಿ." ಚೀಲವನ್ನು ಎದೆಗೆ ಹಿಡಿದುಕೊಂಡೇ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕಸ್ತೂರೆಮ್ಮ ಕೇಳಿದಳು. "ರಂಜುನ ಕಡಿಂದ ಈ ವರ್ಷನೂ ಏನೂ ಬರಲಿಲ್ಲಲ್ರೀ?"

ಒಂದು ಅವಕಾಶ ಕೊಟ್ಟು ನೋಡೋಣ ಎಂದಿತ್ತು ಜೀವ. ಮೂವತ್ತು ವರ್ಷ ಬಾಳಿದ ಮನುಷ್ಯ, ಈಗಲಾದರೂ ಬಾಯಿಬಿಟ್ಟಾನು.

ಗಂಡ ನಿಟ್ಟುಸಿರು ಬಿಟ್ಟ. "ಇಷ್ಟು ವರ್ಷ ಬರದಿದ್ದು ಈಗ ಬರತೈತೇನು? ಬಿಡು ಕಸ್ತೂರಿ. ರೆಕ್ಕಿ ಬಲಿತ ಮ್ಯಾಲೆ ಯಾರಿಗೆ ಯಾರು? ನಿನಗ ನಾ ಅದೀನಿ." ಕೈಚಾಚಿ ತಡಕಿ ಅವಳ ತಲೆ ಸವರಿದ.

ಪ್ರತಿ ದಸರೆಗೂ ಇದೇ ಮಾತು, ಇದೇ ಕೈ. ಪ್ರತಿ ದಸರೆಗೂ ಆಕೆ ಈ ಕೈಗೆ ಹಣೆ ಒತ್ತಿ ಅತ್ತು ಹಗುರಾಗಿದ್ದಳು. ಹೋಗಲಿ, ನನ್ನ ಪಾಲಿಗೆ ಇವರಾದರೂ ಇದ್ದಾರಲ್ಲ ಎಂದು ದೇವರಿಗೆ ಕೈ ಮುಗಿದಿದ್ದಳು. ಕಾರ್ಡು ಕತ್ತರಿಸಿದ್ದಕ್ಕಿಂತ ಈ ಸಮಾಧಾನ ಅವಳನ್ನು ಹೆಚ್ಚು ಸುಟ್ಟಿತು. ಆ ಕೈಯನ್ನು ಹಿಡಿದು ಕೆಳಗಿಳಿಸಿ, ಅಂಗೈಯಲ್ಲಿ ಒಂದು ತುಂಡು ಇಟ್ಟಳು.

ನೋಡಲು ಕಣ್ಣೇ ಬೇಕಾಗಿರಲಿಲ್ಲ. ಗಂಡನ ಹೆಬ್ಬೆರಳು ಅಂಚಿನ ಹಲ್ಲುಗಳ ಮೇಲೆ ಹೋಗಿ ಅಲ್ಲೇ ನಿಂತಿತು.

"ಗಂಟು ಬಿಚ್ಚಬ್ಯಾಡ ಅಂದಿದ್ದೆ," ಎಂದ ಮೊದಲು.

ಕಸ್ತೂರೆಮ್ಮ ಅಂಗೈಯಲ್ಲಿ ಇನ್ನೊಂದು ತುಂಡು ಇಟ್ಟಳು.

"ನಾಕು ಮಂದ್ಯಾಗ ರಂಜುನ ಕಾರ್ಡು ಹಿಡಕೊಂಡು ಕೇಳಿದ್ರು, ಯಾಕ್ರೀ ಸಾವಕಾರ್ರ, ನಿಮ್ಮ ಹೆಸರ ಇಲ್ಲಲ್ಲ ಅಂತ. ಹಿರೇ ಅಳಿಯ ನಾನು. ಆ ಅವಮಾನ ನಿನಗೇನು ಗೊತ್ತು?"

"ಗೊತ್ತಿದ್ದಕ್ಕ ಒಡಹುಟ್ಟಿದಾಕಿನ್ನ ಬಿಟ್ಟೀನಿ. ನಿಮ್ಮ ಹೆಸರಿನ ಸಲುವಾಗಿ ಬಿಟ್ಟೀನಿ. ಸಿಟ್ಟು ಬಂತು, ಕತ್ತರಿಸಿದ್ರಿ, ಆಯ್ತು. ಹಗಲೊತ್ತು ಕತ್ತರಿಸಿ ಸಂಜಿಕ ಬಂದು ನನ್ನ ಕಣ್ಣೀರು ಯಾಕ ಒರಿಸಿದ್ರಿ?"

ಗಂಡ ತುಂಡಿನ ಮೇಲಿನ ಎಲೆಗಳನ್ನು ಬೆರಳಿಂದ ತಡವಿದ. "ಎಲಿ ಒಗದಿಲ್ಲಲ್ಲ. ಬನ್ನಿ ಒಗದ್ರ ಲಕ್ಷ್ಮಿ ಹೋಗ್ತಾಳ ಅಂತ ಜ್ವಾಕಿಲೆ ಇಟ್ಟೀನಿ," ಎಂದ. ನಾದಿನಿಯ ಮಾತು ತಿಪ್ಪೆಗೆ, ನಾದಿನಿಯ ಬಂಗಾರ ಗಲ್ಲಾಕ್ಕೆ. ಅದು ಆತನ ಭಕ್ತಿ. ಆ ಭಕ್ತಿ ಇಲ್ಲದಿದ್ದರೆ ಕಸ್ತೂರೆಮ್ಮನಿಗೆ ಸಾಯುವ ತನಕ ಏನೂ ತಿಳಿಯುತ್ತಿರಲಿಲ್ಲ.

ದಶಮಿಯ ದಿನ ಅಡುಗೆ, ಪೂಜೆ ಎಲ್ಲ ಮುಗಿಸಿ, ಟ್ರಂಕಿನ ತಳದಿಂದ ರಂಜುವಿನ ಗೃಹಪ್ರವೇಶದ ಕಾರ್ಡು ತೆಗೆದಳು. ಸಿಟ್ಟಿಗೆ ಎತ್ತಿಟ್ಟಿದ್ದಳೋ, ಪ್ರೀತಿಗೋ, ಅಂತೂ ಇತ್ತು. ಅದರ ಮೇಲೆ ಎಂಟು ತುಂಡುಗಳನ್ನು ಕೆಂಪು ನೂಲಲ್ಲಿ ಹೊಲಿದಳು. ಒಂಬತ್ತನೆಯದಾಗಿ ಬೆಳಿಗ್ಗೆ ಮುರಿದು ತಂದ ಹಸಿ ಬನ್ನಿ. ಅದು ತನ್ನದು. ನೂಲಿನ ತುದಿ ಉದ್ದ ಬಿಟ್ಟಳು. ಚಪ್ಪಲಿ ಮೆಟ್ಟುವಾಗ ಗಂಡ ಕುರ್ಚಿಯಿಂದಲೇ ಕೇಳಿದ.

"ಎಲ್ಲಿಗೆ ಹೊಂಟಿ? ಸಂಜಿಕ ಬನ್ನಿ ಕೊಡಾಕ ಮಂದಿ ಬರ್ತಾರ. ನಾ ಏನಂತ ಮಾರಿ ತೋರಿಸ್ಲಿ?"

"ಕನ್ನಡಕ ಐತಲ್ರೀ," ಎಂದಳು ಕಸ್ತೂರೆಮ್ಮ.

ಬಸ್ಸು ಮಸ್ಕಿಯಲ್ಲಿ ಬಹಳ ಹೊತ್ತು ನಿಂತಿತು. ಚೀಲದೊಳಗೆ ಫೋನು ಮತ್ತೆ ಮತ್ತೆ ಸಪ್ಪಳ ಮಾಡುತ್ತಿತ್ತು, ಬನ್ನಿಯ ಚಿತ್ರಗಳಿರಬೇಕು. ಆಕೆ ತೆಗೆದು ನೋಡಲಿಲ್ಲ. ಇಳಿದು ಸಿಂಧನೂರಿಗೆ ಹಿಂದಿರುಗುವ ಬಸ್ಸು ಹಿಡಿದರೆ ಹೇಗೆ ಎಂದು ಒಮ್ಮೆ ಅನಿಸಿತು. ರಂಜು ಬಾಗಿಲು ಹಾಕಿಕೊಂಡರೆ? ಹಾಕಿಕೊಳ್ಳುವ ಹಕ್ಕು ಅವಳಿಗೆ ಇದೆಯಲ್ಲ.

ಲಿಂಗಸುಗೂರಲ್ಲಿ ಮನೆ ಕೇಳಿಕೊಂಡು ಹೋಗಬೇಕಾಯಿತು. ತಂಗಿಯ ಮನೆಯನ್ನು ಆಕೆ ನೋಡಿಯೇ ಇರಲಿಲ್ಲ. ರಂಜು ತಟ್ಟೆಯಲ್ಲಿ ಬನ್ನಿ ಇಟ್ಟುಕೊಂಡು ಓಣಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಳು. ಮುಂಗೂದಲು ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿ ಒಳಗೆ ಬಾ ಎನ್ನಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.

"ಈ ವರ್ಷ ನಾ ಕಳಸಿಲ್ಲ," ಎಂದಳು.

"ಗೊತ್ತೈತಿ."

"ಎಂಟು ಕಳಸಿದ್ದೆ. ಒಂದಕ್ಕರ ಉತ್ತರ ಬರೀಲಿಲ್ಲ ನೀನು. ಈಗ ಯಾಕ ಬಂದಿ?"

ಕಸ್ತೂರೆಮ್ಮ ಎರಡೂ ಕೈಯಲ್ಲಿ ಕಾರ್ಡು ಚಾಚಿದಳು. ರಂಜು ತೆಗೆದುಕೊಳ್ಳಲಿಲ್ಲ, ಬಗ್ಗಿ ನೋಡಿದಳು. ತನ್ನದೇ ಗೃಹಪ್ರವೇಶದ ಕಾರ್ಡು, ತನ್ನದೇ ಎಂಟು ಬನ್ನಿ. ಒಂದು ತುಂಡಿನ ಅಂಚನ್ನು ಬೆರಳಿಂದ ಮುಟ್ಟಿದಳು. ಹಲ್ಲು ಹಲ್ಲಾಗಿ ಹೋದ ಅಂಚು. ಬೆರಳು ಒಂದು ಸುತ್ತು ಬಂತು.

"ನಾ ಹಿಂಗ ಕತ್ತರಿಸಿದ್ದಿಲ್ಲ," ಎಂದಳು ಸಣ್ಣಗೆ. "ಯಾರು ಕತ್ತರಿಸಿದ್ರು ಇದನ್ನ?"

ಓಣಿಯ ಹೆಂಗಸರಿಬ್ಬರು ಬನ್ನಿ ಹಿಡಿದು ಗೇಟಿನ ಹತ್ತಿರ ಬಂದು ನಿಂತಿದ್ದರು. ನಮ್ಮ ಮನೆಯವರು ಎಂಬ ಮಾತು ಕಸ್ತೂರೆಮ್ಮನ ನಾಲಿಗೆಯ ತುದಿಯವರೆಗೆ ಬಂತು. ಮೂವತ್ತು ವರ್ಷ ಪಳಗಿದ ಮಾತು. ಅದನ್ನು ನುಂಗಿದಳು.

"ಯಾರು ಅಕ್ಕ?"

"ಕರಿಬಸಪ್ಪ," ಎಂದಳು.

ರಂಜು ತಲೆಯೆತ್ತಿ ಅಕ್ಕನ ಬಾಯನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಕಾರ್ಡಿನಿಂದ ಜೋತುಬಿದ್ದ ಕೆಂಪು ನೂಲನ್ನು ಹಿಡಿದು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.