ಪಾಲಾದ ಬೀಸುಕಲ್ಲು

“ಎರಡೂ ಒಂದ ಬಂಡೆಯಾಗಿಂದ ಕಡದೇನವಾ, ಅಗಲಿಸಬ್ಯಾಡ. ಬ್ಯಾರೆ ಕಲ್ಲು ಕೂಡಿಸಿದ್ರ ಹಿಟ್ಟಿನ್ಯಾಗ ಹಳ್ಳು ಬೀಳತೈತಿ,” ಎಂದ ಕಲ್ಲುಕುಟಿಗ ಯಂಕಪ್ಪ.

ಗಂಡ ಹೆಂಡಿರನ್ನು ಕೊಟ್ಟ ಹಾಗೆ ಕೊಡುತ್ತೀಯಲ್ಲೋ ಎಂದು ಗುರುಬಸವ್ವ ನಕ್ಕು, ಅವನಿಗೆ ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು.

ಹಾಗೆ ಹುಟ್ಟಿದ ಬೀಸುಕಲ್ಲು ನಾನು. ಸರಿಯಾಗಿ ಹೇಳಬೇಕೆಂದರೆ ಅದರ ಕೆಳಗಿನ ಅರ್ಧ. ಮೇಲಿನವನು ತಿರುಗುತ್ತಾನೆ, ನಾನು ಕದಲದೆ ಕೂರುತ್ತೇನೆ, ಹೆಸರೆಲ್ಲ ತಿರುಗುವವನದು. ಆದರೂ ನಾವು ಜಗಳವಾಡಿದವರಲ್ಲ. ಗುರುಬಸವ್ವ ಕೋಳಿ ಕೂಗುವ ಮೊದಲೇ ಕಾಲು ಚಾಚಿ ಕೂತು ಬೀಸುತ್ತಿದ್ದಳು. ಅತ್ತೆಯನ್ನು ಬೈಯುವುದಿದ್ದರೆ ಹಾಡಿನಲ್ಲೇ ಬೈದು ಮುಗಿಸುತ್ತಿದ್ದಳು. ಊರಿಗೆ ಕರೆಂಟಿನ ಗಿರಣಿ ಬಂದ ಮೇಲೆ ನಮ್ಮನ್ನು ಬಚ್ಚಲ ಬಳಿ ತಳ್ಳಿದರು. ಅವಳ ಮೊಮ್ಮಕ್ಕಳು ಚನ್ನವೀರ, ನಿಂಬಣ್ಣ ನಮ್ಮ ಮೇಲೆ ನಿಂತು ಕಾಲು ತೊಳೆದುಕೊಂಡೇ ದೊಡ್ಡವರಾದರು.

ಆಮೇಲೆ ಆ ಜಡ್ಡು ಬಂತು. ಮೊದಲು ಕೆಮ್ಮು, ಹಿಂದೆಯೇ ಜ್ವರ, ಅದರ ಹಿಂದೆ ಬಾಗಿಲು ಹಾಕಿದ ಮನೆ. ಬಸ್ಸು ನಿಂತಿತು, ಕರೆಂಟು ಹೋಯಿತು, ಗಿರಣಿಯವನೂ ಹೋದ. ಒಂದು ಓಣಿ ತುಂಬದಷ್ಟು ಜನ ಉಳಿದರು. ಸತ್ತವರ ಮನೆಗಳ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜಗಳಲ್ಲಿ, ಜೋಳವೇನೋ ಬೇಕಾದಷ್ಟಿತ್ತು. ಬೀಸಲು ಮಾತ್ರ ಇಡೀ ಊರಿಗೆ ನಾವೇ. ಅಣ್ಣತಮ್ಮಂದಿರು ನಮ್ಮನ್ನು ತಿಕ್ಕಿ ತೊಳೆದು ಪಡಸಾಲೆಗೆ ತಂದು ವಿಭೂತಿ ಹಚ್ಚಿದರು. ಬೀಸಲು ಬಂದವರಿಂದ ಮೊದಲು ಹಿಡಿ ಹಿಟ್ಟು ಕೇಳಿದರು. ಆಮೇಲೆ ಬೋಗುಣಿ ಇಟ್ಟರು. ಕೊನೆಗೆ ಅರ್ಧಕ್ಕೇ ಬಂದರು. ತಾಳಲಾರದವರು ಒಬ್ಬೊಬ್ಬರಾಗಿ ಊರು ಬಿಟ್ಟರು.

ಹೊಟ್ಟೆ ತುಂಬಿದ ಮೇಲೆ ಇಬ್ಬರಿಗೂ ಅನುಮಾನ ಶುರುವಾಯಿತು. ನನ್ನ ಅಂಚಿಗೆ ಅಂಟಿದ ಹಿಟ್ಟನ್ನು ತಮ್ಮ ಕದ್ದು ಗುಡಿಸಿಕೊಳ್ಳುತ್ತಾನೆ ಎಂದು ಅಣ್ಣ, ಗುಡಿಸುವವನು ಅಣ್ಣನೇ ಎಂದು ತಮ್ಮ. ಕಡೆಗೆ ನಾವೇ ಪಾಲಾದೆವು. ಮೇಲಿನವನು ನಿಂಬಣ್ಣನ ಮನೆಗೆ, ನಾನು ಚನ್ನವೀರನ ಮನೆಗೆ. ಬೀಸಬೇಕೆಂದವರು ಇಬ್ಬರಿಗೂ ಅರ್ಧರ್ಧ ಕೊಡಬೇಕು.

ಆಗ ಬಂದವಳು ಹಸೀನಾಬಿ. ಮಗಳು ಜಡ್ಡಿಗೆ ಹೋಗಿ, ಎಳೆಗೂಸು ಈ ಮುದುಕಿಯ ಕೈಗೆ ಬಂದಿತ್ತು. ಊರಲ್ಲಿ ಹಾಲು ಕೊಡುವ ದನ ಒಂದೂ ಉಳಿದಿರಲಿಲ್ಲ. ಒರಳಲ್ಲಿ ಕುಟ್ಟಿದ ನುಚ್ಚು ಕೂಸಿನ ಹೊಟ್ಟೆಗೆ ಹತ್ತುತ್ತಿರಲಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಅಂಬಲಿಯೊಂದೇ ಒಳಗೆ ನಿಲ್ಲುತ್ತಿತ್ತು.

“ಅರ್ಧ ನಿನಗ, ಅರ್ಧ ನಿನ್ನ ತಮ್ಮಗ,” ಎಂದಳು. “ಕೂಸಿಗೆ ಬೀಸೂ ಸಪ್ಪಳ ಕುಡಿಸ್ಲೇನೋ, ಚನ್ನವೀರಾ?”

“ನನ್ನ ಅರ್ಧ ಬಿಡ್ತೀನಬೇ. ಅಂವ ಮೊದಲ ಬಿಡ್ಲಿ.”

ನಿಂಬಣ್ಣ ಹೇಳಿದ್ದೂ ಅದೇ ಮಾತಂತೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಅವಳು ಆ ಬಾಗಿಲಿಗೂ ಈ ಬಾಗಿಲಿಗೂ ಅಲೆದಳು. ಬಂದ ಸಲವೆಲ್ಲ ಕೂಸಿನ ಅಳು ಇನ್ನಷ್ಟು ಸಣ್ಣದಾಗಿರುತ್ತಿತ್ತು. ಅಷ್ಟರಲ್ಲಿ ನಿಂಬಣ್ಣ ತನ್ನ ಕಲ್ಲನ್ನು ಕೈಗಾಡಿಗೆ ಹೇರಿಕೊಂಡು, ಅದಕ್ಕೊಂದು ಕೆಳಗಿನ ಕಲ್ಲು ಹುಡುಕುತ್ತ ಬೇರೆ ಊರಿಗೆ ಹೊರಟುಹೋದ. ಚನ್ನವೀರ ಮೇಲಿನ ಕಲ್ಲಿಗಾಗಿ ಹಾಳುಮನೆಗಳನ್ನೆಲ್ಲ ಜಾಲಾಡಿ, ಸಿಗದೆ, ಜೋಳ ಬೇಯಿಸಿ ಜಗಿಯುತ್ತ ಕೂತ.

ಹಸೀನಾಬಿ ಮತ್ತೆ ಬಂದಾಗ ಹೆಗಲ ಮೇಲೆ ಕೂಸಿರಲಿಲ್ಲ. ಖಬರಸ್ತಾನದಲ್ಲಿ ನಾಯಿಗಳು ಕೆದರುತ್ತವೆ, ಮಣ್ಣಿನ ಮೇಲೆ ಭಾರ ಇಡಬೇಕು, ಬೇರೆ ಕಲ್ಲು ತನ್ನ ಕೈಲಿ ಏಳವು, ಇದಾದರೆ ಉರುಳಿಸಿಕೊಂಡು ಹೋಗುತ್ತೇನೆ ಎಂದಳು.

“ಮ್ಯಾಲಿಂದು ಹೋತಲ್ಲ. ಇನ್ನ ಇದನ್ನ ಇಟ್ಕೊಂಡು ಏನ್ ಮಾಡ್ತಿ? ಕೊಡಪ್ಪಾ.”

ಚನ್ನವೀರ ನನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

“ಏನ್ ಕೊಡ್ತಿ?” ಎಂದ.

ಅವಳು ಸೆರಗಿನ ಗಂಟು ಬಿಚ್ಚಿ, ಕೂಸಿಗೆಂದು ಉಳಿಸಿದ್ದ ಜೋಳವನ್ನು ಅವನ ಮುಂದೆ ಸುರಿದಳು. ಅವನು ಗೋರಿಕೊಂಡ.

ಈಗ ನಾನು ಜಾಲಿಗಿಡದ ಕೆಳಗೆ, ಮೊಳದುದ್ದದ ಮಣ್ಣಿನ ಮೇಲೆ ಮಲಗಿದ್ದೇನೆ. ಮುಪ್ಪು ಬಂತು, ಹಲ್ಲು ಸವೆದವು. ಜಡ್ಡು ಬಹಳ ಜನರನ್ನು ಕೊಂದಿತು, ಇಲ್ಲವೆನ್ನುವುದಿಲ್ಲ. ಈ ಕೂಸನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ.

ನಿನ್ನೆ ಸಂಜೆ ಬಡಕಲು ನಾಯಿಯೊಂದು ಬಂತು. ನನ್ನ ಸುತ್ತ ಮೂಸಿತು, ಅಂಚಿನಲ್ಲಿ ಒಂದಿಷ್ಟು ಕೆದರಿತು. ಆಗದೆಂದು ಗೊತ್ತಾಗಿ, ಊರ ಕಡೆ ಹೋಯಿತು.