ಅಧ್ಯಕ್ಷರ ತಲೆ

“ಅವನ ಹೆಸರು ಎತ್ತಿದ್ರೆ ನಾನು ಪೆಟ್ಟಿಗೆಗೆ ಹೆಗಲು ಕೊಡಲ್ಲ, ನೋಡು,” ಎಂದ ಅಣ್ಣ.

ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಪ್ಪನ ತಲೆ ಬಾಚುತ್ತಿದ್ದ ತಂಗಿಯ ಕೈ ಅಲ್ಲೇ ನಿಂತಿತು. ಊರಿನವರ ತಲೆಗಳನ್ನೆಲ್ಲ ತಿದ್ದಿದ ಕ್ಷೌರಿಕ ತನ್ನ ತಲೆಯನ್ನು ಮಾತ್ರ ಎಂದೂ ನೆಟ್ಟಗೆ ಬಾಚಿಕೊಂಡವನಲ್ಲ. ಇವತ್ತೂ ನೆತ್ತಿಯ ಕೂದಲು ಮಾತು ಕೇಳುತ್ತಿರಲಿಲ್ಲ.

“ಮೆಲ್ಲಗೆ ಮಾತಾಡಣ್ಣ, ಅಮ್ಮ ಪಕ್ಕದ ಕೋಣೇಲೇ ಇದ್ದಾಳೆ.”

“ಕೇಳಿಸ್ಕೊಳ್ಲಿ. ಅಂಗಡಿ ಒಡೆಸಿದವನಿಗೆ ಒಳ್ಳೇದು ಮಾಡು ಅಂತ ಅಪ್ಪ ವಾರ ವಾರ ಬೇಡ್ಕೊಂಡಿದ್ದೇ ಸಾಕು. ಇನ್ನು ನೀನೂ ಶುರು ಹಚ್ಕೋಬೇಡ.”

ಅವರ ಚರ್ಚಿನಲ್ಲೊಂದು ಪದ್ಧತಿಯಿತ್ತು. ಆಳುವವರಿಗಾಗಿ ಮಾಡುವ ಪ್ರಾರ್ಥನೆಯನ್ನು ಪಾದ್ರಿಗಳು ಮಾಡುತ್ತಿರಲಿಲ್ಲ. ಸಭೆಯಲ್ಲೊಬ್ಬರು ಎದ್ದು ನಿಂತು, ಅಧಿಕಾರದಲ್ಲಿರುವವರ ಹೆಸರು ಹಿಡಿದು ಮಾಡಬೇಕು. ಅದು ಎಷ್ಟೋ ವರ್ಷಗಳಿಂದ ಅಪ್ಪನ ಪಾಲಿನ ಕೆಲಸ. ಅವನನ್ನು ಮಣ್ಣು ಮಾಡುವ ದಿನವೇ ಆ ಪ್ರಾರ್ಥನೆ ತಪ್ಪಬಾರದೆಂದು ಅಮ್ಮ ಮಗಳನ್ನು ಒಪ್ಪಿಸಿದ್ದಳು. ಹೆಸರು ಹೇಳಿದರೆ ಅಣ್ಣ ಕೈಬಿಡುತ್ತಾನೆ. ನುಂಗಿಕೊಂಡರೆ ಅಪ್ಪನನ್ನು ತಾನೇ ಕೈಬಿಟ್ಟಂತೆ.

*

ಅಂಗಡಿ ಇದ್ದಾಗ ನಗರಸಭೆಯ ಅಧ್ಯಕ್ಷರು ಅಪ್ಪನ ಕಾಯಂ ಗಿರಾಕಿ. ಕತ್ತರಿ ಹಿಡಿಯುವ ಮೊದಲು ಅಪ್ಪ ಅವರ ನೆತ್ತಿಯ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದ. ಕೂದಲಿನ ಹದ ನೋಡುತ್ತಿದ್ದಾನೆಂದು ಅಧ್ಯಕ್ಷರು ತಿಳಿದಿದ್ದರು.

ಅವರು ಹೋದ ಮೇಲೆ ಮಗಳು ಚುಡಾಯಿಸಿದ್ದಳು: “ಅದೇನಪ್ಪ ಅಷ್ಟು ನೋಡ್ತೀಯ? ಇರೋದೇ ನಾಲ್ಕು ಕೂದಲು!”

“ಊರಿನ ತೀರ್ಮಾನ ಎಲ್ಲ ಆಗೋದು ಆ ತಲೆಯೊಳಗೆ ಕಣಮ್ಮ. ಕೈಗೆ ಸಿಕ್ಕಾಗ ಪ್ರಾರ್ಥನೆ ಮಾಡದೆ ಬಿಡ್ಲಾ?”

ಆ ತಲೆಯೊಳಗೇ ಒಂದು ದಿನ ರಸ್ತೆ ಅಗಲ ಮಾಡುವ ತೀರ್ಮಾನವಾಗಿ, ಅಂಗಡಿ ನೆಲಸಮವಾಯಿತು. ಆ ಭಾನುವಾರವೂ ಅಪ್ಪ ಎದ್ದು ನಿಂತು ಅದೇ ಹೆಸರು ಹೇಳಿದ. ಮನೆಗೆ ಬರುತ್ತಲೇ ಅಣ್ಣ ಹಾರಾಡಿದ: “ನಿನಗೆ ಮಾನ ಮರ್ಯಾದೆ ಇಲ್ವೇನಪ್ಪ?”

“ನನಗೇನು ಸಿಟ್ಟಿಲ್ವಾ?” ಅಪ್ಪ ಮೋರೆ ತಿರುಗಿಸಿಕೊಂಡ. “ಆ ಹೆಸರು ಹೇಳೋವಾಗ ನಾಲಿಗೆ ಸುಟ್ಟ ಹಾಗಾಗುತ್ತೆ ಕಣೋ.”

ಅಪ್ಪ ಅಳುವುದನ್ನು ಮಗಳು ನೋಡಿದ್ದು ಅದೊಂದೇ ಸಲ.

*

ಚರ್ಚಿನಲ್ಲಿ ಹಾಡು ಮುಗಿಯುವ ಹೊತ್ತಿಗೆ ಅಧ್ಯಕ್ಷರು ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು.

“ಬಂದೇಬಿಟ್ನಲ್ಲ! ಯಾವ ಮುಖ ಹೊತ್ಕೊಂಡು ಬಂದ?” ಎಂದ ಚಿಕ್ಕಪ್ಪ.

“ಸಾವಿಗೆ ಬಂದವರನ್ನ ಓಡಿಸೋಕಾಗುತ್ತಾ? ಸುಮ್ನಿರಿ,” ಎಂದ ಪಕ್ಕದ ದರ್ಜಿ. ಅವನ ಅಂಗಡಿಯೂ ಅದೇ ರಸ್ತೆಗೆ ಹೋಗಿತ್ತು.

ಪಾದ್ರಿ ಮಗಳ ಕಡೆ ನೋಡಿ ತಲೆಯಾಡಿಸಿದರು. ಅವಳು ಎದ್ದು ನಿಂತಳು.

“ಕರ್ತನೇ, ನಮ್ಮ ಊರನ್ನ ಆಳೋ...”

ಅಣ್ಣ ಕಣ್ಣು ಮುಚ್ಚಿರಲಿಲ್ಲ, ಅವಳನ್ನೇ ದಿಟ್ಟಿಸುತ್ತಿದ್ದ. ಯಾರೋ ಕೆಮ್ಮಿದರು. ಅವಳು ಬೆಂಚನ್ನು ಬಿಗಿಯಾಗಿ ಹಿಡಿದು ಆ ಹೆಸರು ಹೇಳಿಬಿಟ್ಟಳು.

“ಇವರು ನಮ್ಮ ಅಂಗಡಿ ಒಡೆಸಿದ್ರು. ನನಗೆ ಇನ್ನೂ ಸಿಟ್ಟು ಹೋಗಿಲ್ಲ. ಇವರಿಗೆ ಒಳ್ಳೇ ಬುದ್ಧಿ ಕೊಡು ಅಂತ ಅಪ್ಪ ಕೇಳ್ತಿದ್ರು. ನಾನೂ ಅದನ್ನೇ ಕೇಳ್ತೀನಿ. ಸ್ವಲ್ಪ ಬೇಗ ಕೊಡು. ಆಮೆನ್.”

ಆಮೆನ್ ಎಂದವರು ಕೆಲವರೇ. ಅಣ್ಣ ಧಡಕ್ಕನೆ ಎದ್ದು ಹೊರಗೆ ಹೋದ.

ಪೆಟ್ಟಿಗೆ ಎತ್ತಲು ಆರು ಜನ ಬೇಕು, ಐವರು ನಿಂತಿದ್ದರು. ಮುಂದೆ ಎಡಗಡೆ, ಮಗ ನಿಲ್ಲಬೇಕಾದ ಜಾಗ ಖಾಲಿ. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. ತನ್ನ ಬಾಯಿಂದಲೇ ಹೀಗಾಯಿತಲ್ಲ ಎಂದು ಮಗಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕೊನೆಯ ಬೆಂಚಿನಿಂದ ಅಧ್ಯಕ್ಷರು ಎದ್ದು ಬಂದರು. ಯಾರನ್ನೂ ಕೇಳಲಿಲ್ಲ. ಖಾಲಿ ಜಾಗದಲ್ಲಿ ನಿಂತು ಬಗ್ಗಿ ಪೆಟ್ಟಿಗೆಯ ಹಿಡಿಕೆ ಹಿಡಿದರು.

ಮೆಟ್ಟಿಲ ಮೇಲಿದ್ದ ಅಣ್ಣ ಅದನ್ನು ನೋಡಿದ. ದಾಪುಗಾಲು ಹಾಕಿ ಒಳಗೆ ಬಂದ. ಈಗ ಅವರ ಕೊರಳಪಟ್ಟಿಗೇ ಕೈ ಹಾಕುತ್ತಾನೆಂದು ತಂಗಿ ಹೆದರಿದಳು. “ಅಣ್ಣಾ, ಬೇಡ,” ಎಂದಳು.

ಅಣ್ಣ ಅವರನ್ನು ದಾಟಿ ಮುಂದಿನ ಬಲಗಡೆಗೆ ಹೋಗಿ, ಚಿಕ್ಕಪ್ಪನನ್ನು ಪಕ್ಕಕ್ಕೆ ಸರಿಸಿ, ಹೆಗಲು ಕೊಟ್ಟ. ಪೆಟ್ಟಿಗೆ ಮೇಲೆದ್ದಿತು. ಅಣ್ಣ ಎತ್ತರದ ಆಳು, ಅಧ್ಯಕ್ಷರು ಗಿಡ್ಡ. ಪೆಟ್ಟಿಗೆ ಎಡಕ್ಕೆ ವಾಲಿತು. ಒಳಗೆ ಅಪ್ಪ ಜರುಗಿದ ಸದ್ದು ಎಲ್ಲರಿಗೂ ಕೇಳಿಸಿತು.

ಅಣ್ಣ ಅವರ ಕಡೆ ನೋಡಲಿಲ್ಲ. ಮಂಡಿ ಮಡಿಸಿ, ಪೆಟ್ಟಿಗೆ ಸಮವಾಗುವ ತನಕ ಹೆಗಲು ತಗ್ಗಿಸಿದ. ಹಾಗೇ ಬಗ್ಗಿಕೊಂಡು ಗೇಟಿನವರೆಗೂ ನಡೆದ.